ಬಡವರನ್ನು ಎಣಿಸುವ ಅಳತೆಗೋಲು

2011-12ರಲ್ಲಿ ಭಾರತದಲ್ಲಿ ಬಡವರು ಎಷ್ಟಿದ್ದರು? ಸುರೇಶ್ ತೆಂಡೂಲ್ಕರ್ ಸಮಿತಿಯ ಸೂತ್ರ ಹಿಡಿದರೆ ಸುಮಾರು 27 ಕೋಟಿ, ಸಿ. ರಂಗರಾಜನ್ ಸಮಿತಿಯ ಲೆಕ್ಕದಲ್ಲಿ 36 ಕೋಟಿಗೂ ಹೆಚ್ಚು. ಮೊದಲನೆಯದು ತಲಾ ತಿಂಗಳ ಖರ್ಚಿಗೆ ಹಳ್ಳಿಯಲ್ಲಿ 816, ಪಟ್ಟಣದಲ್ಲಿ 1,000 ರೂಪಾಯಿಯ ಗೆರೆ ಎಳೆಯಿತು. ಎರಡನೆಯದು 972 ಮತ್ತು 1,407ರ ಗೆರೆ. ನಡುವೆ ಸಿಕ್ಕಿಕೊಂಡ ಒಂಬತ್ತು ಕೋಟಿ ಮಂದಿ ಒಂದು ತುತ್ತು ಹೆಚ್ಚು ಉಂಡದ್ದೂ ಇಲ್ಲ, ಕಡಿಮೆ ಉಂಡದ್ದೂ ಇಲ್ಲ. 1956ರ ತೂಕ-ಅಳತೆ ಕಾಯ್ದೆಯ ನಂತರ ಸೇರು ಹೋಗಿ ಕಿಲೋ ಬಂದಾಗ ಚೀಲದಲ್ಲಿದ್ದ ಅಕ್ಕಿ ಹೆಚ್ಚುಕಡಿಮೆ ಆಗಲಿಲ್ಲ. ಬಡತನದ ವಿಷಯದಲ್ಲಿ ಹಾಗಲ್ಲ, ಕೋಲು ಬದಲಾದರೆ ಅಳೆಯುವ ವಸ್ತುವೇ ಹಿಗ್ಗುತ್ತದೆ, ಕುಗ್ಗುತ್ತದೆ. ಏಕೆಂದರೆ ಇಲ್ಲಿ ಅಳತೆಗೂ ಮೊದಲು ಒಂದು ತೀರ್ಪು ಆಗಿಹೋಗಿರುತ್ತದೆ: ಮನುಷ್ಯನಿಗೆ ಬದುಕಲು ಏನೇನು ಬೇಕು ಎಂಬ ತೀರ್ಪು.

ಯೋಜನಾ ಆಯೋಗದ 1979ರ ಕಾರ್ಯಪಡೆ ಕೊಟ್ಟ ಉತ್ತರ ಹೊಟ್ಟೆಗಷ್ಟೇ ಸಂಬಂಧಿಸಿತ್ತು. ಹಳ್ಳಿಗೆ ತಲಾ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣಕ್ಕೆ 2,100; ಅಷ್ಟು ಉಣ್ಣುವ ಕುಟುಂಬದ ಒಟ್ಟು ಖರ್ಚೇ ಗೆರೆ. ಶಾಲೆ, ಆಸ್ಪತ್ರೆಗಳನ್ನು ಸರ್ಕಾರ ನೋಡಿಕೊಳ್ಳುತ್ತದೆಂಬ ನಂಬಿಕೆ ಅದರ ಹಿಂದಿತ್ತು. ಆ ನಂಬಿಕೆ ಸಡಿಲವಾದ ಮೇಲೂ ಗೆರೆ ಬೆಲೆಯೇರಿಕೆಯ ಬೆನ್ನು ಹತ್ತಿ ಸಾಗಿತೇ ಹೊರತು ತನ್ನ ಬುಡವನ್ನು ನೋಡಿಕೊಳ್ಳಲಿಲ್ಲ. 2009ರಲ್ಲಿ ತೆಂಡೂಲ್ಕರ್ ಸಮಿತಿ ಕ್ಯಾಲೊರಿಯ ಹಿಡಿತ ಬಿಟ್ಟು ಶಿಕ್ಷಣ, ಆರೋಗ್ಯದ ಖರ್ಚನ್ನು ಗಣನೆಗೆ ತಂದಿತು. ರಂಗರಾಜನ್ ಸಮಿತಿ ಕ್ಯಾಲೊರಿಯನ್ನು ಮರಳಿ ಕರೆತಂದು ಪ್ರೋಟೀನು, ಕೊಬ್ಬನ್ನೂ ಸೇರಿಸಿತು. ಇವು ಅರ್ಥಶಾಸ್ತ್ರದ ತಾಂತ್ರಿಕ ವಿವರಗಳಂತೆ ಕಾಣುತ್ತವೆ, ನಿಜದಲ್ಲಿ ನೀತಿಯ ಪ್ರಶ್ನೆಗಳು. ತೆಂಡೂಲ್ಕರ್ ಗೆರೆಯಂತೆ 2011-12ರಲ್ಲಿ ಬಡವರು ಶೇ 21.9 ಎಂದು ದಶಮಾಂಶ ಹಾಕಿದ ಕೂಡಲೇ ಆ ಪ್ರಶ್ನೆಗಳು ಕಣ್ಮರೆಯಾಗುತ್ತವೆ, ಅದೇ ತೊಂದರೆ.

ಹಾಗಾದರೆ ಅಂಕಿಗಳೆಲ್ಲ ಬೂಟಾಟಿಕೆಯೇ ಎಂದು ಕೇಳಬಹುದು. ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ದಾದಾಭಾಯಿ ನವರೋಜಿ ಭಾರತೀಯರ ತಲಾ ವಾರ್ಷಿಕ ಆದಾಯ 20 ರೂಪಾಯಿ ಎಂದು ಲೆಕ್ಕ ಹಾಕಿ, ಅದನ್ನು ಜೈಲಿನ ಕೈದಿಗಳ ಊಟ-ಬಟ್ಟೆಯ ವೆಚ್ಚದ ಪಕ್ಕದಲ್ಲಿ ಇಟ್ಟರು. ಬ್ರಿಟಿಷ್ ಆಡಳಿತಕ್ಕೆ ಅದಕ್ಕಿಂತ ಮುಜುಗರದ ವಾದ ಬೇರೆ ಬೇಕಿರಲಿಲ್ಲ. ಆ ಲೆಕ್ಕದ ಬಲ ಇದ್ದದ್ದು ಅದರ ನಿಖರತೆಯಲ್ಲಲ್ಲ. ಯಾವುದನ್ನು ಯಾವುದರೊಂದಿಗೆ ಹೋಲಿಸಲಾಗಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು, ತಕರಾರು ಮಾಡಲೂ ಅವಕಾಶವಿತ್ತು. ಇನ್ನು, ಪಡಿತರ ಕೊಡಲು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎನ್ನುವವರ ಮಾತಿನಲ್ಲಿ ತೂಕವಿದೆ. ಆದರೆ ಆ ಗೆರೆ ಬಡತನದ ರೇಖೆಯೇ ಆಗಬೇಕಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ 75, ನಗರದ ಶೇ 50ರವರೆಗೆ ಧಾನ್ಯದ ಹಕ್ಕು ವಿಸ್ತರಿಸಿತು. ಹಸಿವು ಬಡತನ ರೇಖೆಗಿಂತ ಎಷ್ಟೋ ಮೇಲಿನವರೆಗೂ ಇದೆ ಎಂದು ಸಂಸತ್ತೇ ಒಪ್ಪಿಕೊಂಡಂತಾಯಿತು.

ಈಗ ಚಲಾವಣೆಯಲ್ಲಿರುವುದು ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕ. ಅದರ ಪ್ರಕಾರ 2015-16ರಲ್ಲಿ ಶೇ 24.85ರಷ್ಟಿದ್ದ ಬಡತನ 2019-21ಕ್ಕೆ ಶೇ 14.96ಕ್ಕೆ ಇಳಿದಿದೆ. ಇಳಿಕೆ ಸುಳ್ಳೆನ್ನಲು ಕಾರಣವಿಲ್ಲ. ಶೌಚಾಲಯ, ವಿದ್ಯುತ್, ಅಡುಗೆ ಅನಿಲ ಮನೆಗಳನ್ನು ತಲುಪಿದ್ದು ನಿಜ. ಆದರೆ ಅದರ 12 ಸೂಚಕಗಳಲ್ಲಿ ಬ್ಯಾಂಕ್ ಖಾತೆಯೂ ಒಂದು, ಖಾತೆಯಲ್ಲಿ ದುಡ್ಡಿದೆಯೇ ಎಂಬುದು ಸೂಚಕವಲ್ಲ. ಕೂಲಿ ಎಷ್ಟು, ಖರ್ಚು ಎಷ್ಟು ಎಂಬುದನ್ನು ಅದು ಕೇಳುವುದೇ ಇಲ್ಲ. ಖರ್ಚನ್ನು ಕೇಳುವ ಬಳಕೆ ವೆಚ್ಚ ಸಮೀಕ್ಷೆಯ 2017-18ರ ಫಲಿತಾಂಶವನ್ನು ದತ್ತಾಂಶದ ಗುಣಮಟ್ಟದ ನೆಪವೊಡ್ಡಿ ಸರ್ಕಾರ ಪ್ರಕಟಿಸಲಿಲ್ಲ. 2022-23ರ ಸಮೀಕ್ಷೆಯ ಅಂಕಿಗಳು ಈಗ ಕೈಯಲ್ಲಿವೆ. ಅವುಗಳ ಮೇಲೆ ಹೊಸ ಗೆರೆ ಎಳೆಯುವವರು ಶೇಕಡಾವಾರು ಘೋಷಿಸುವ ಮೊದಲು, ಬುಟ್ಟಿಯಲ್ಲಿ ಎಷ್ಟು ಹಾಲು, ಎಷ್ಟು ಬಾಡಿಗೆ, ಎಷ್ಟು ಔಷಧಿ ಇಟ್ಟಿದ್ದೇವೆ ಎಂದು ಸಾರ್ವಜನಿಕರ ಮುಂದಿಡಲಿ.