ಮೈಕಿನ ಮುಂದಿನ ಮಡಿ

ಚೆಂಡನ್ನು ಒದ್ದವರಿಗೆ ಚೆಂಡಿನ ಮಾತು ಬರುವುದಿಲ್ಲವೆಂಬುದು ನಮ್ಮ ಸುಶಿಕ್ಷಿತರಲ್ಲಿ ಬೇರೂರಿರುವ ನಂಬಿಕೆ. ಆಡಿದವನು ಆಡಿ ಮನೆಗೆ ಹೋಗಲಿ, ಅದನ್ನು ಬಣ್ಣಿಸುವುದಕ್ಕೆ ಶುದ್ಧ ನಾಲಗೆಯವನೊಬ್ಬ ಬರಲಿ! ಈ ನಂಬಿಕೆ ನಮ್ಮದಷ್ಟೇ ಅಲ್ಲ. ಕಾಲ್ಚೆಂಡಾಟಕ್ಕೆ ಕಾನೂನು ಬರೆದುಕೊಟ್ಟ ಇಂಗ್ಲೆಂಡಿನಲ್ಲಿಯೂ ಅದಕ್ಕೆ ಎಷ್ಟು ಬಲವಿದೆ ಎಂಬುದು 2021ರ ಜುಲೈ ಕೊನೆಯಲ್ಲಿ ಕಂಡುಬಂದಿತು.

ಆಗ ಟೋಕಿಯೋ ಒಲಿಂಪಿಕ್ಸ್ ನಡೆಯುತ್ತಿತ್ತು. ಬಿ.ಬಿ.ಸಿ.ಯ ನಿರೂಪಕರಲ್ಲಿ ಅಲೆಕ್ಸ್ ಸ್ಕಾಟ್ ಒಬ್ಬರು. ಇಂಗ್ಲೆಂಡಿನ ಮಹಿಳಾ ತಂಡದ ಪರವಾಗಿ 140 ಪಂದ್ಯಗಳನ್ನಾಡಿ ನಿವೃತ್ತರಾದವರು. ಅವರ ಮಾತು ಕೇಳಿ ಲಾರ್ಡ್ ಡಿಗ್ಬಿ ಜೋನ್ಸ್ ಎಂಬ ಮಾಜಿ ವಾಣಿಜ್ಯ ಸಚಿವರ ಕಿವಿ ನೊಂದಿತು. ‘ಫೆನ್ಸಿಂಗ್’ ಎನ್ನಬೇಕಾದಲ್ಲಿ ‘ಫೆನ್ಸಿನ್’, ‘ಬಾಕ್ಸಿಂಗ್’ ಎನ್ನಬೇಕಾದಲ್ಲಿ ‘ಬಾಕ್ಸಿನ್’. ಕೊನೆಯ ಗಕಾರ ಎಲ್ಲಿ ಹೋಯಿತು? ಇಂಥವರಿಗೆ ಯಾರಾದರೂ ಉಚ್ಚಾರಣೆಯ ಪಾಠ ಹೇಳಬಾರದೇ ಎಂದು ಲಾರ್ಡ್ ಮಹಾಶಯರು ಟ್ವಿಟರಿನಲ್ಲಿ ಲೋಕಕ್ಕೆಲ್ಲ ಕೇಳುವಂತೆ ಅಲವತ್ತುಕೊಂಡರು. ಸ್ಕಾಟ್ ಕ್ಷಮೆ ಬೇಡಲಿಲ್ಲ. ತಾನು ಪೂರ್ವ ಲಂಡನ್ನಿನ ಪಾಪ್ಲರಿನವಳು, ದುಡಿಯುವವರ ಮನೆಯವಳು, ಅದೇ ತನಗೆ ಹೆಮ್ಮೆ ಎಂದು ಉತ್ತರ ಕೊಟ್ಟರು.

ಈ ಹೆಣ್ಣುಮಗಳಿಗೆ ಮೈಕು ದಾನವಾಗಿ ಬಂದದ್ದಲ್ಲ. 2007ರಲ್ಲಿ ಯೂರೋಪಿನ ಮಹಿಳಾ ಕ್ಲಬ್ಬುಗಳ ಫೈನಲ್ ಎರಡು ಪಂದ್ಯಗಳಲ್ಲಿ ನಡೆಯಿತು. ಎರಡರಲ್ಲಿಯೂ ಸೇರಿ ಬಿದ್ದದ್ದು ಒಂದೇ ಗೋಲು. ಸ್ವೀಡನ್ನಿನ ಉಮಿಯೋ ತಂಡದ ನೆಲದಲ್ಲಿ, ಹೊತ್ತು ಮೀರಿದ ಮೇಲೆ, ಅದನ್ನು ಹೊಡೆದವರು ಆರ್ಸೆನಲ್ಲಿನ ರೈಟ್ ಬ್ಯಾಕ್ ಆಗಿದ್ದ ಇದೇ ಸ್ಕಾಟ್. ಇಂಗ್ಲೆಂಡಿನ ತಂಡವೊಂದು ಆ ಕಪ್ಪನ್ನು ಗೆದ್ದದ್ದು ಅದೇ ಮೊದಲು. ಇಷ್ಟು ಹೆಸರಿದ್ದೂ ಆಕೆ ಸ್ಟ್ಯಾಫರ್ಡ್‌ಷೈರ್ ವಿಶ್ವವಿದ್ಯಾನಿಲಯದಲ್ಲಿ ಕ್ರೀಡಾ ಬರಹ ಮತ್ತು ಪ್ರಸಾರವನ್ನೇ ಓದಿ ಪದವಿ ಪಡೆದರು. 2018ರಲ್ಲಿ ಪುರುಷರ ವಿಶ್ವಕಪ್ಪಿಗೆ ಬಿ.ಬಿ.ಸಿ.ಯ ವಿಶ್ಲೇಷಕರಾಗಿ ಕುಳಿತರು. ಕಲಿಯಬೇಕಾದದ್ದನ್ನೆಲ್ಲ ಕಲಿತರು, ತಾಯಿಯ ಮನೆಯ ನಾಲಗೆಯನ್ನು ಮಾತ್ರ ಬಿಡಲಿಲ್ಲ. ಅವರು ತಮ್ಮ ಧ್ವನಿಯನ್ನು ಕಂಡುಕೊಂಡರು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ತಮ್ಮ ಆಕ್ಷೇಪ ಸೊಗಡಿನ ಮೇಲಲ್ಲ, ಸರಿತಪ್ಪಿನ ಮೇಲೆ ಎಂದು ಲಾರ್ಡರು ಸಮಜಾಯಿಷಿ ಕೊಟ್ಟರು. ಎಲ್ಲ ಊರಿನ ಶುದ್ಧಿವಾದಿಗಳೂ ಹೇಳುವುದು ಇದನ್ನೇ. ಆದರೆ ಒಂದು ಕಾಲಕ್ಕೆ ಬ್ರಿಟನ್ನಿನ ದೊಡ್ಡ ಜಮೀನುದಾರರೇ ‘ಹಂಟಿನ್, ಷೂಟಿನ್, ಫಿಷಿನ್’ ಎಂದು ಗಕಾರವನ್ನು ನುಂಗುತ್ತಿದ್ದರು. ಅದು ಆಗ ಕುಲೀನರ ಲಕ್ಷಣವೆನಿಸಿತ್ತು! ಅದೇ ನುಂಗುವಿಕೆ ಪಾಪ್ಲರಿನ ಬಾಯಿಂದ ಬಂದಾಗ ಅಪಚಾರವಾಯಿತು. ಅಂದಮೇಲೆ ಇದು ವ್ಯಾಕರಣದ ಪ್ರಶ್ನೆ ಹೇಗಾದೀತು? 1941ರಲ್ಲಿ ಯಾರ್ಕ್‌ಷೈರಿನ ವಿಲ್‌ಫ್ರೆಡ್ ಪಿಕಲ್ಸ್ ತಮ್ಮ ಸೀಮೆಯ ರಾಗದಲ್ಲಿಯೇ ಬಿ.ಬಿ.ಸಿ. ವಾರ್ತೆ ಓದಿದಾಗಲೂ ಕೇಳುಗರಲ್ಲಿ ಕೆಲವರು ಹೀಗೆಯೇ ಸಿಡಿಮಿಡಿಗೊಂಡಿದ್ದರು.

ಆಟದ ವಿವರಣೆಗೆ ನಿಜವಾದ ಅಳತೆಗೋಲು ಯಾವುದು? ಅದನ್ನು ಬಿ.ಬಿ.ಸಿ.ಯೇ 1927ರ ಜನವರಿಯಲ್ಲಿ ತೋರಿಸಿಕೊಟ್ಟಿತ್ತು. ಟ್ವಿಕೆನ್‌ಹ್ಯಾಮಿನಲ್ಲಿ ಅದರ ಮೊದಲ ರಗ್ಬಿ ವಿವರಣೆ. ಮಾತಾಡಬೇಕಾಗಿದ್ದವರು ಹಳೆಯ ರಗ್ಬಿ ಆಟಗಾರ ಟೆಡ್ಡಿ ವೇಕ್ಲಮ್. ಕಣ್ಣು ಕಾಣದವರೊಬ್ಬರನ್ನು ಅವರ ಎದುರಿಗೆ ಕೂರಿಸಿ, ಇವರಿಗೆ ಆಟ ಕಾಣುವಂತೆ ಹೇಳಿ ಎಂದರಂತೆ. ವಾರ ಕಳೆಯುವುದರೊಳಗೆ ಹೈಬರಿಯಲ್ಲಿ ಆರ್ಸೆನಲ್–ಷೆಫೀಲ್ಡ್ ಯುನೈಟೆಡ್ ಕಾಲ್ಚೆಂಡಾಟವನ್ನೂ ಅದೇ ವೇಕ್ಲಮ್ ಬಾನುಲಿಯಲ್ಲಿ ಬಣ್ಣಿಸಿದರು. ಕಾಣದವನಿಗೆ ಕಾಣಿಸಬೇಕು, ಅಷ್ಟೇ. ಗಕಾರದ ಮಾತು ಅಲ್ಲಿ ಎಲ್ಲಿಂದ ಬಂತು?

ಹಾಗೆಂದು ನಿವೃತ್ತ ಆಟಗಾರರನ್ನೆಲ್ಲ ಹಿಡಿದು ಮೈಕಿಗೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡು, ‘ಒಳ್ಳೆಯ ಗೋಲು, ಬಹಳ ಒಳ್ಳೆಯ ಗೋಲು’ ಎಂದು ತೊಂಬತ್ತು ನಿಮಿಷ ತಳ್ಳುವವರನ್ನು ಸಹಿಸುವುದು ನನಗೂ ಕಷ್ಟ. ಶುದ್ಧೋಚ್ಚಾರಣೆಯ ಪಂಡಿತನಿಗಿಂತ ಇವನೇನೂ ಮೇಲಲ್ಲ. ರೈಟ್ ಬ್ಯಾಕ್ ಮುಂದೆ ಓಡಿದಾಗ ಅವನ ಬೆನ್ನ ಹಿಂದೆ ಎಷ್ಟು ನೆಲ ಬರಿದಾಯಿತು, ಆ ಅಳುಕು ಹೊಟ್ಟೆಯಲ್ಲಿ ಹೇಗೆ ಕದಡುತ್ತದೆ—ಇದನ್ನು ಹೇಳಲಾರದಿದ್ದರೆ ಆಡಿದ್ದಕ್ಕೆ ಏನು ಬಂತು?

ಇನ್ನು ನಮ್ಮ ಮನೆಯ ಸಂಗತಿ. ‘ಹಾಲು’ ಎನ್ನುವಲ್ಲಿ ‘ಆಲು’ ಎಂದವನನ್ನು ಕಂಡು ನಗದ ಪಟ್ಟಣಿಗರು ಎಷ್ಟು ಮಂದಿ ಇದ್ದೇವೆ? ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿದವರು ನಾವೇ. ಪುಸ್ತಕದಲ್ಲಿ ಸೊಗಸೆನಿಸಿದ ನುಡಿ ಪರದೆಯ ಮೇಲೆ ಬಂದರೆ ಅದಕ್ಕೆ ಹಾಸ್ಯಪಾತ್ರವೇ ಗತಿ. ಧಾರವಾಡದ್ದೂ ಅಷ್ಟೇ, ಕರಾವಳಿಯದೂ ಅಷ್ಟೇ. ಸಂತೋಷ್ ಟ್ರೋಫಿಯನ್ನು 54 ವರ್ಷಗಳ ತರುವಾಯ 2023ರಲ್ಲಿ ಕರ್ನಾಟಕ ಮತ್ತೆ ಗೆದ್ದುಕೊಂಡಿತು. ಆ ಹುಡುಗರೂ ಮುಂದೊಂದು ದಿನ ಆಟ ಬಿಡುತ್ತಾರೆ. ಅವರಲ್ಲೊಬ್ಬ ಮೈಕು ಕೇಳಿಕೊಂಡು ಬಂದರೆ, ಹಕಾರ ಅಕಾರಗಳ ಜರಡಿ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲಬೇಡಿ. ಪರೀಕ್ಷೆ ಬೇಕೇ ಬೇಕೆಂದರೆ ಇಡಿ: ಕಣ್ಣು ಮುಚ್ಚಿದವನೊಬ್ಬನನ್ನು ಅವನ ಪಕ್ಕದಲ್ಲಿ ಕೂರಿಸಿ, ಐದು ನಿಮಿಷ ಬಿಟ್ಟು, ಚೆಂಡು ಈಗ ಎಲ್ಲಿದೆ ಎಂದು ಕೇಳಿ.