ಯಂತ್ರ ಬಂದಿದೆ, ಅದರ ಬಾಯಿಗೆ ಕನ್ನಡ ಬರಲಿ

ಕನ್ನಡ ಶಾಲೆಗಳ ಹಿತೈಷಿಗಳಾದ ಓದುಗರೇ, ನಿಮ್ಮ ಊರಿನ ಕನ್ನಡ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಕರಿಹಲಗೆಯ ಪಕ್ಕದಲ್ಲಿ ಈಗ ಒಂದು ಪರದೆ ಇರಬಹುದು. ಇಲ್ಲದಿದ್ದರೆ ಶಿಕ್ಷಕರ ಕೈಯಲ್ಲಿ ಟ್ಯಾಬ್ಲೆಟ್ ಇರಬಹುದು. ಅದೂ ಇಲ್ಲವೆಂದರೆ ಅವರ ಜೇಬಿನಲ್ಲಿ ಒಂದು ಮೊಬೈಲ್ ಅಂತೂ ಇದ್ದೇ ಇರುತ್ತದೆ. ಅದನ್ನು ಹಾಕಿಸಿ ಒಂದೇ ಒಂದು ಪ್ರಶ್ನೆ ಕೇಳಿ: ಇದು ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ?

ಉದಕಮಂಡಲ, ಗೂಡಲೂರು, ಮಸಿನಗುಡಿಯ ಕಡೆಯವರಿಗೂ ತಾಳವಾಡಿ, ಹೊಸೂರಿನವರಿಗೂ ಇದಕ್ಕೆ ಉತ್ತರ ಗೊತ್ತಿದೆ. ಬಹುಪಾಲು ತಮಿಳು, ಉಳಿದದ್ದು ಇಂಗ್ಲಿಷ್. ಪಠ್ಯಪುಸ್ತಕ ಕನ್ನಡದಲ್ಲಿದೆ, ಪಾಠ ಹೇಳುವವರು ಕನ್ನಡದವರು, ಕುಳಿತಿರುವ ಮಕ್ಕಳ ಮನೆಮಾತು ಕನ್ನಡ ಅಥವಾ ಅದರ ನೆರೆಯ ನುಡಿ. ಆದರೆ ಎಲ್ಲಕ್ಕಿಂತ ಹೆಚ್ಚು ಮಕ್ಕಳ ಕಣ್ಣು ಸೆಳೆಯುವ ವಸ್ತು ಮಾತ್ರ ಬೇರೆ ಭಾಷೆಯಲ್ಲಿ ಮಾತನಾಡುತ್ತದೆ. ಇದು ಸಣ್ಣ ಸಂಗತಿಯೇ? ಖಂಡಿತ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯ ಮೂಲಕ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಅಂದಿನ ದಿನಗಳಲ್ಲಿ ಸೌಲಭ್ಯವೆಂದರೆ ಒಂದು ಕೊಠಡಿ, ಒಬ್ಬ ಶಿಕ್ಷಕ, ಒಂದು ಪುಸ್ತಕ. ಇಂದು ಸರ್ಕಾರವೇ ಪರದೆಯನ್ನು ಪಾಠದ ಭಾಗವೆಂದು ಒಪ್ಪಿ ತರಗತಿಗೆ ತಂದಿದೆ. ಹಾಗಿದ್ದ ಮೇಲೆ ಪರದೆಯ ಭಾಷೆಯೂ ಆ ಸೌಲಭ್ಯದೊಳಗೇ ಬರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವೂ ಸಾಧ್ಯವಾದಷ್ಟು ಮಟ್ಟಿಗೆ ಬೋಧನೆಯು ಮಗುವಿನ ಮಾತೃಭಾಷೆಯಲ್ಲಿರಬೇಕೆಂದು ಹೇಳಿದೆ. ಪುಸ್ತಕಕ್ಕೆ ಒಂದು ನ್ಯಾಯ, ಪರದೆಗೆ ಇನ್ನೊಂದು ನ್ಯಾಯ ಇರಲಾರದು.

ಶಾಲೆಗೆ ಯಂತ್ರ ಬರುತ್ತಿರುವುದು ಇದೇ ಮೊದಲ ಸಲವೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ದೂರದರ್ಶನ ಪಾಠದ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅವಕ್ಕೆ ಬಂದ ಕಾರ್ಯಕ್ರಮ ಕನ್ನಡದಲ್ಲೇ ಇತ್ತು. ಐವತ್ತು ವರ್ಷಗಳ ಹಿಂದೆಯೇ ಆಕಾಶದಿಂದ ಕನ್ನಡ ಪಾಠ ಇಳಿದಿತ್ತೆಂಬುದನ್ನು ದಯವಿಟ್ಟು ನೆನಪಿಡಿ. ಆಮೇಲೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಶಾಲೆಗಳಿಗೆ ರೇಡಿಯೋ ಕ್ಯಾಸೆಟ್ ಯಂತ್ರಗಳು, ಬಣ್ಣದ ಟಿ.ವಿ.ಗಳು ಬಂದವು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ನಮ್ಮ ಬೆಟ್ಟದ ಕೆಳಗೇ ಇರುವ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಕನ್ನಡ ಪಾಠಗಳು ಪ್ರಸಾರವಾದವು. 2010ರಲ್ಲಿ ಆ ಉಪಗ್ರಹದ ಆಯುಸ್ಸೂ ಮುಗಿಯಿತು.

ಉಪಗ್ರಹವೂ ಹೋಗುತ್ತದೆ, ಪೆಟ್ಟಿಗೆಯೂ ಹಳತಾಗುತ್ತದೆ. ಉಳಿಯುವವರು ಶಿಕ್ಷಕರು. ಆದ್ದರಿಂದ ನಾನು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ಹಿಡಿಯುವ ಕೈಯ ಬಗ್ಗೆ, ಅದರಲ್ಲೂ ಈಗ ತರಬೇತಿಯಲ್ಲಿರುವ ನಮ್ಮ ಕಿರಿಯರ ಬಗ್ಗೆ ಹೇಳಬೇಕೆಂದಿದ್ದೇನೆ.

ತಮಿಳುನಾಡಿನಲ್ಲಿ 2018ರ ಹೊಸ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಬಂದವು. 2019ರಲ್ಲಿ ಕಲ್ವಿ ಟಿ.ವಿ. ಆರಂಭವಾಯಿತು. 2024ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ಟ್ಯಾಬ್ಲೆಟ್ ಹಂಚುವ, ಶಾಲೆಗಳಲ್ಲಿ ಸ್ಮಾರ್ಟ್ ತರಗತಿ ತೆರೆಯುವ ಕೆಲಸ ನಡೆಯಿತು. ಇದೆಲ್ಲ ಒಳ್ಳೆಯದೇ. ಆದರೆ ನಮ್ಮ ತರಬೇತಿ ಶಿಕ್ಷಕರ ಪಾಡು ನೋಡಿ. ತಮಿಳುನಾಡಿನಲ್ಲೇ ತರಬೇತಿ ಪಡೆದವರಿಗೆ ಯಂತ್ರದ ವಿಷಯವನ್ನು ಹೇಳಿಕೊಟ್ಟದ್ದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮೈಸೂರು ಕಡೆ ತರಬೇತಿ ಪಡೆದವರಿಗೆ ಕನ್ನಡದ ಸಾಮಗ್ರಿ ಧಾರಾಳವಾಗಿ ಗೊತ್ತು, ಆದರೆ ಅದು ಕರ್ನಾಟಕದ ಪಠ್ಯಕ್ಕೆ ಹೊಂದುವಂಥದು. ನಮ್ಮ ಮಕ್ಕಳು ಓದುವುದು ತಮಿಳುನಾಡು ಪಠ್ಯಪುಸ್ತಕ ನಿಗಮ ಮೂರು ಅವಧಿಗೆ ಮೂರು ಭಾಗವಾಗಿ ಅಚ್ಚು ಹಾಕಿಸುವ ಕನ್ನಡ ಪುಸ್ತಕ. ಪಾಠವೂ ಬೇರೆ, ಕ್ರಮವೂ ಬೇರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಇದರ ಬಿಸಿ ನಮಗೆಲ್ಲ ತಟ್ಟಿತು. ಕಲ್ವಿ ಟಿ.ವಿ. ಹಾಕಿದರೆ ತಮಿಳು. ಚಂದನ ವಾಹಿನಿ ಹಾಕಿದರೆ ಭಾಷೆ ನಮ್ಮದು, ಪುಸ್ತಕ ನಮ್ಮದಲ್ಲ.

ಹೋದ ವರ್ಷ ನಮ್ಮ ಶಾಲೆಗೆ ಬೋಧನಾಭ್ಯಾಸಕ್ಕೆ ಒಬ್ಬ ತರಬೇತಿ ಶಿಕ್ಷಕಿ ಬಂದಿದ್ದರು. ನೀರಿನ ಪಾಠಕ್ಕೆ ಒಂದು ಚಲನಚಿತ್ರ ತಂದರು. ಚಿತ್ರ ಸೊಗಸಾಗಿತ್ತು, ದನಿ ತಮಿಳು. ದನಿ ಅಡಗಿಸಿ ತಾವೇ ಕನ್ನಡದಲ್ಲಿ ವಿವರಿಸುತ್ತಾ ಹೋದರು. ಮಕ್ಕಳ ಕಣ್ಣು ಪರದೆಯ ತಮಿಳು ಅಕ್ಷರದ ಮೇಲೆ, ಕಿವಿ ಅವರ ಮಾತಿನ ಮೇಲೆ. ಪಾಠ ಮುಗಿದ ಮೇಲೆ ಅವರೇ, “ಮೇಡಂ, ಮಕ್ಕಳು ನೋಡಿದರು, ಆದರೆ ಕಲಿಯಲಿಲ್ಲ” ಅಂದರು. ಅಷ್ಟು ಗುರುತಿಸಿದರಲ್ಲ, ಅಲ್ಲಿಂದಲೇ ಅವರ ನಿಜವಾದ ತರಬೇತಿ ಶುರುವಾಯಿತು.

ಮಾರನೆಯ ವಾರ ಅವರು ಸಿದ್ಧವಸ್ತುವನ್ನು ಬಿಟ್ಟು ತಾವೇ ತಯಾರಿಸಿದರು. ಇಸ್ರೋದ ಭುವನ್ ನಕ್ಷೆಯಲ್ಲಿ ನಮ್ಮ ಬೆಟ್ಟವನ್ನು ತೆರೆದು ಪೈಕಾರ ಹೊಳೆಯನ್ನು ತೋರಿಸಿದರು. ಅದು ಕೆಳಗಿಳಿದು ಮೊಯಾರ್ ಆಗುವುದು, ಮುದುಮಲೆಯ ಕಾಡು ಹಾದು ಭವಾನಿಸಾಗರದಲ್ಲಿ ಭವಾನಿಯನ್ನು ಸೇರುವುದು, ಮುಂದೆ ಭವಾನಿ ಕಾವೇರಿಗೆ ಸೇರುವುದು, ಎಲ್ಲವನ್ನೂ ಮಕ್ಕಳೇ ಬೆರಳಿಟ್ಟು ಹಿಂಬಾಲಿಸಿದರು. ಕಾವೇರಿ ಕೊಡಗಿನಿಂದ ಬರುತ್ತಾಳೆಂದು ಮಕ್ಕಳು ಕೇಳಿದ್ದರು. ನಮ್ಮ ಮೇಲೆ ಬಿದ್ದ ಮಳೆಯೂ ಅವಳನ್ನೇ ಸೇರುತ್ತದೆಂದು ಅಂದು ಕಂಡರು. ಅದು ಯಾವ ಸಿದ್ಧ ಚಲನಚಿತ್ರದಲ್ಲೂ ಇರಲಿಲ್ಲ.

ಇನ್ನೊಂದು ಉದಾಹರಣೆ ಹೇಳುತ್ತೇನೆ. 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ಎರಡು ಲಿಪಿ ಕಲಿಯುತ್ತಾರೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಆ ಭಾಷೆಯ ಕ್ರಮಕ್ಕೆ ಅದು ಸರಿಯಾಗಿಯೇ ಇದೆ. ಆದರೆ ಕನ್ನಡದಲ್ಲಿ ಕಾಳಿಯೇ ಬೇರೆ, ಗಾಳಿಯೇ ಬೇರೆ. ತಡವೇ ಬೇರೆ, ದಡವೇ ಬೇರೆ. ಎರಡೂ ಲಿಪಿ ಒಟ್ಟಿಗೆ ಕಲಿಯುವ ಮಗು ಓದುವಾಗ ಇಲ್ಲಿ ಎಡವುತ್ತದೆ. ಈ ತೊಡಕು ತಮಿಳು ಮಾಧ್ಯಮದ ಮಗುವಿಗೂ ಇಲ್ಲ, ಮೈಸೂರಿನ ಮಗುವಿಗೂ ಇಲ್ಲ. ಅದು ನಮ್ಮ ಮಕ್ಕಳದೇ. ಆದ್ದರಿಂದ ಚೆನ್ನೈನಿಂದಾಗಲಿ ಬೆಂಗಳೂರಿನಿಂದಾಗಲಿ ಇದಕ್ಕೆ ತಕ್ಕ ಪಾಠ ತಾನಾಗಿ ಬರುವುದಿಲ್ಲ.

ಈ ತರಬೇತಿ ಶಿಕ್ಷಕಿ ಮೊಬೈಲಿನ ಧ್ವನಿಮುದ್ರಣವನ್ನೇ ಬಳಸಿದರು. ಇಂಥ ಜೋಡಿ ಪದಗಳನ್ನು ಪರದೆಯ ಮೇಲೆ ದೊಡ್ಡದಾಗಿ ಬರೆದು, ಪ್ರತಿ ಮಗುವಿನ ಓದನ್ನು ಹಿಡಿದು, ಅದಕ್ಕೇ ಮರಳಿ ಕೇಳಿಸಿದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ತನ್ನ ದನಿ ಕೇಳಿ ನಕ್ಕ. ‘ಕಾಳಿ’ ಎಂದದ್ದನ್ನು ತಾನೇ ಗುರುತಿಸಿ, “ಇನ್ನೊಂದ್ಸಲ ಹಿಡೀರಿ ಟೀಚರ್” ಎಂದು ಕೇಳಿದ. ಮೂರನೆಯ ಸಲಕ್ಕೆ ಗಾಳಿ ಬಂತು. ತಪ್ಪೆಂದು ಯಾರೂ ಗದರಲಿಲ್ಲ, ಅವನೇ ತಿದ್ದಿಕೊಂಡ. ಇದಕ್ಕೆ ಇಂಟರ್ನೆಟ್ ಬೇಕಾಗಲಿಲ್ಲ, ಹೊಸ ಯಂತ್ರ ಬೇಕಾಗಲಿಲ್ಲ. ಗೂಡಲೂರು ಕಡೆಯ ಮಳೆಗಾಲದಲ್ಲಿ ಕರೆಂಟು ಹೋದ ದಿನವೂ ಈ ಪಾಠ ನಡೆಯುತ್ತದೆ.

ಆದ್ದರಿಂದ ತರಬೇತಿಯಲ್ಲಿರುವ ನನ್ನ ಕಿರಿಯ ಸೋದರ ಸೋದರಿಯರಿಗೆ ನಾಲ್ಕು ಮಾತು.

ಮೊದಲನೆಯದು, ಪಾಠಯೋಜನೆ ಮೊದಲು, ಯಂತ್ರ ಆಮೇಲೆ. ಈ ಪಾಠದಲ್ಲಿ ಮಗುವಿಗೆ ಕಷ್ಟ ಯಾವುದು ಎಂದು ಬರೆದುಕೊಳ್ಳಿ. ಕರಿಹಲಗೆ, ಕಲ್ಲು, ಎಲೆಗಳಿಂದ ಅದು ತೀರುವುದಾದರೆ ಪರದೆಯ ಗೊಡವೆಗೇ ಹೋಗಬೇಡಿ.

ಎರಡನೆಯದು, ಕನ್ನಡ ಟೈಪಿಂಗ್ ಕಲಿಯಿರಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಸ್ವಲ್ಪ ದಿನದ ಅಭ್ಯಾಸದಲ್ಲಿ ಯಾರಾದರೂ ಕಲಿಯಬಹುದು. ಆದರೆ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಮಾಡಿದ ಅಭ್ಯಾಸ ಹಾಳೆಯನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಗುಣಿತದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ರಾತ್ರಿಯ ದುಡಿಮೆ ಬೆಳಿಗ್ಗೆ ನೀರುಪಾಲಾಗುತ್ತದೆ.

ಮೂರನೆಯದು, ಊರನ್ನು ತರಗತಿಗೆ ತನ್ನಿ. ಅಜ್ಜಿಯ ಕಥೆ, ಸಂತೆಯ ಲೆಕ್ಕ, ಚಹಾ ತೋಟದ ತೂಕ, ಇವನ್ನು ಚಿತ್ರವಾಗಿ, ದನಿಯಾಗಿ ಹಿಡಿಯಿರಿ. ಹಿಡಿಯುವ ಮೊದಲು ಅವರ ಒಪ್ಪಿಗೆ ಕೇಳಿ. ಮಕ್ಕಳ ಮುಖವನ್ನು ಊರಿಗೆಲ್ಲ ಹಂಚಬೇಡಿ.

ನಾಲ್ಕನೆಯದು ಬಹಳ ಮುಖ್ಯ. ನಮ್ಮ ತರಗತಿಯಲ್ಲಿ ಕೂರುವ ಎಲ್ಲ ಮಕ್ಕಳ ಮನೆಮಾತೂ ಪುಸ್ತಕದ ಕನ್ನಡವಲ್ಲ. ಬಡಗ ಮಗುವಿಗೆ ಹಟ್ಟಿ ಎಂದರೆ ಊರು, ನಮ್ಮ ಎಷ್ಟೋ ಕಡೆ ಹಟ್ಟಿ ಎಂದರೆ ದನದ ಕೊಟ್ಟಿಗೆ. ಬಡಗರು ತಮ್ಮ ನುಡಿ ತಮ್ಮದೇ ಎನ್ನುತ್ತಾರೆ, ಅದನ್ನು ಗೌರವಿಸಬೇಕು. ಇರುಳರ, ಕುರುಂಬರ ಮಕ್ಕಳ ಮಾತೂ ಹಾಗೆಯೇ. ತಮಿಳಿನ ಮುಂದೆ ನಾವು ಯಾವ ನ್ಯಾಯ ಕೇಳುತ್ತೇವೋ ಅದೇ ನ್ಯಾಯವನ್ನು ಈ ಮಕ್ಕಳಿಗೆ ನಾವು ಕೊಡದಿದ್ದರೆ ನಮ್ಮ ಕೇಳಿಕೆಗೆ ಬೆಲೆ ಎಲ್ಲಿಯದು? ಆ ಮಗುವಿನ ಪದವೂ ಪರದೆಯ ಮೇಲೆ ಬರಲಿ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುವುದುಂಟು. ಕೆಲವು ಪೋಷಕರು, “ಪರದೆಯಲ್ಲಾದರೂ ಇಂಗ್ಲಿಷ್ ಬರಲಿ ಬಿಡಿ” ಎನ್ನುತ್ತಾರೆ. ಇಂಗ್ಲಿಷ್ ಕಲಿಸಲು ಇಂಗ್ಲಿಷ್ ಪಾಠವಿದೆ, ಅದಕ್ಕೆ ಪರದೆಯನ್ನು ಧಾರಾಳವಾಗಿ ಬಳಸೋಣ. ಭಾಗಾಕಾರ ಅರ್ಥವಾಗದ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಭಾಗಾಕಾರ ತೋರಿಸಿದರೆ ಎರಡೂ ಬರುವುದಿಲ್ಲ. ಇನ್ನು ಕೆಲವು ಹಿರಿಯ ಶಿಕ್ಷಕರು, ಯಂತ್ರವೇ ಬೇಡ ಎನ್ನುತ್ತಾರೆ. ಅವರ ಆತಂಕ ನಿಜ, ಮನೆಯಲ್ಲಿ ಮಕ್ಕಳು ಮೊಬೈಲಿಗೆ ಅಂಟಿಕೊಂಡಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನಾವು ಬೇಡವೆಂದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಕನ್ನಡವಿಲ್ಲದೆ ಬರುತ್ತದೆ, ಅಷ್ಟೇ. ಆಗ ಮಗು ಏನೆಂದುಕೊಳ್ಳುತ್ತದೆ? ಹೊಸತೆಲ್ಲ ಬೇರೆ ಭಾಷೆಯಲ್ಲಿದೆ, ನನ್ನ ಭಾಷೆ ಹಳೆಯ ಪುಸ್ತಕಕ್ಕೆ ಮಾತ್ರ ಎಂದುಕೊಳ್ಳುತ್ತದೆ. ಮುಂದಿನ ವರ್ಷದ ದಾಖಲಾತಿಯಲ್ಲಿ ನಮ್ಮ ಶಾಲೆಯ ಸಂಖ್ಯೆ ಇಳಿಯುವುದು ಇಂಥ ಕಾರಣಗಳಿಂದಲೇ.

ಸಾಧ್ಯವೇ ಎಂದು ಕೇಳುವವರು ಕಾಸರಗೋಡಿನ ಕಡೆ ನೋಡಲಿ. ಕೇರಳದಲ್ಲಿ 2001ರಿಂದ ನಡೆದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. 2020ರ ಜೂನ್‌ನಲ್ಲಿ ಅಲ್ಲಿ ದೂರದರ್ಶನ ಪಾಠಗಳು ಆರಂಭವಾದಾಗ ಕನ್ನಡ ಮಾಧ್ಯಮದ ಮಕ್ಕಳಿಗಾಗಿಯೂ ಅದೇ ರಾಜ್ಯದ ಪಠ್ಯಕ್ಕೆ ಹೊಂದುವ ಪಾಠಗಳನ್ನು ಸಿದ್ಧಪಡಿಸಲಾಯಿತು. ಕಾಸರಗೋಡಿನ ಕನ್ನಡಿಗರಿಗೆ ತಮ್ಮದೇ ಕೊರತೆಗಳಿವೆ, ಹೋರಾಟಗಳಿವೆ. ಆದರೂ ಈ ವಿಷಯದಲ್ಲಿ ಒಂದು ದಾರಿ ಕಾಣುತ್ತದೆ: ರಾಜ್ಯದ ಪಠ್ಯ, ಕನ್ನಡದ ದನಿ, ಅಲ್ಲಿನದೇ ಶಿಕ್ಷಕರು.

ತಮಿಳುನಾಡು ಸರ್ಕಾರಕ್ಕೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ತಾವೇ ಒಪ್ಪಿದ್ದೀರಿ, ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಸುತ್ತಿದ್ದೀರಿ. ಆ ಪುಸ್ತಕದ ಸಂಕೇತವನ್ನು ಒತ್ತಿದಾಗ ತೆರೆಯುವ ಪಾಠವೂ ಕನ್ನಡದಲ್ಲಿರಲಿ. ಚಿತ್ರ ಈಗಾಗಲೇ ಸಿದ್ಧವಿದೆ, ದನಿ ಮತ್ತು ಅಕ್ಷರ ಬದಲಾಯಿಸುವುದಷ್ಟೇ ಬಾಕಿ. ದನಿ ಕೊಡಲು ನೀಲಗಿರಿ, ಈರೋಡು, ಕೃಷ್ಣಗಿರಿ ಜಿಲ್ಲೆಗಳ ಶಿಕ್ಷಕರು ಸಿದ್ಧರಿದ್ದಾರೆ. ತರಬೇತಿ ಸಂಸ್ಥೆಗಳಲ್ಲಿ ಕನ್ನಡ ಶಾಲೆಗೆ ಹೋಗುವವರಿಗೆ ಯಂತ್ರದ ಪಾಠ ಕನ್ನಡದಲ್ಲಿ ಸಿಗಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಇಟ್ಟುಕೊಂಡಿರುವ ಕರ್ನಾಟಕವೂ ಕೇವಲ ಯಂತ್ರ ಕೊಡುವುದಕ್ಕಿಂತ, ನಮ್ಮ ಪಠ್ಯಕ್ಕೆ ಹೊಂದುವ ಪಾಠ ತಯಾರಿಸಲು ನೆರವಾದರೆ ಹೆಚ್ಚು ಉಪಕಾರ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹನಿಹನಿಗೂಡಿದರೆ ಹಳ್ಳ. ಪ್ರತಿ ಕನ್ನಡ ಶಾಲೆಯೂ ಒಂದು ಅವಧಿಗೆ ಒಂದೇ ಒಂದು ಪಾಠವನ್ನು ಚೆನ್ನಾಗಿ ಸಿದ್ಧಪಡಿಸಿ ಇತರ ಶಾಲೆಗಳಿಗೆ ಕಳಿಸಿದರೆ ಸಾಕು. ಮಸಿನಗುಡಿಯ ಮೇಷ್ಟರು ಮಾಡಿದ್ದು ತಾಳವಾಡಿಗೆ, ತಾಳವಾಡಿಯದು ಹೊಸೂರಿಗೆ ಸಿಗುತ್ತದೆ. ಓದುಗರೇ, ನಿಮ್ಮ ಶಾಲೆಯಲ್ಲಿ ಇಂಥ ಪಾಠ ಯಾವುದಿದೆ, ಯಾವುದು ಬೇಕಾಗಿದೆ ಎಂದು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಶಾಲೆಗೆ ಹೋದಾಗ, ಆ ಪ್ರಶ್ನೆಯನ್ನು ಮಾತ್ರ ಕೇಳದೆ ಬರಬೇಡಿ.