ಹೆಣ್ಣಾಳಿನ ಗಂಟೆ



ಗೋವಿಂದನಹಳ್ಳಿಯ ಸೀಮೆಯಲ್ಲಿ ಹೊಲಗದ್ದೆಯ ಕೆಲಸವನ್ನು ಆಳಿನ ಲೆಕ್ಕದಲ್ಲಿ ಹೇಳುವುದು ರೂಢಿ: ಕಳೆಗೆ ಹತ್ತಾಳು, ನಾಟಿಗೆ ಹದಿನೈದಾಳು. ಕಾಮಗಾರಿಯ ಲೆಕ್ಕ ಬರೆಯುವವರು ಇದನ್ನೇ ಕಿರಿದುಗೊಳಿಸಿ, ಒಬ್ಬರು ಒಂದು ಗಂಟೆಯಲ್ಲಿ ಮಾಡುವ ಕೆಲಸವನ್ನು ಒಂದು ಮಾನವಾಗಿ ಇಟ್ಟುಕೊಂಡರು. ಐವರು ಎಂಟು ಗಂಟೆ ದುಡಿದರೆ ನಲವತ್ತು. ನಾಲ್ವರು ಹತ್ತು ಗಂಟೆ ದುಡಿದರೂ ನಲವತ್ತೇ. ಹತ್ತನೆಯ ಗಂಟೆಯ ಸೊಂಟನೋವು ಈ ಗುಣಾಕಾರಕ್ಕೆ ಸಿಕ್ಕುವುದಿಲ್ಲವೆಂಬುದು ಬೇರೆ ಮಾತು.

ಆದರೂ ಈ ಮಾನದಲ್ಲೊಂದು ನ್ಯಾಯವಿದೆ. ಗಂಟೆಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದಿತು. 2005ರ ಉದ್ಯೋಗ ಖಾತರಿ ಕಾಯಿದೆಯು ಏಳು ಗಂಟೆ ದುಡಿದವರಿಗೆ ಸಾಮಾನ್ಯವಾಗಿ ದಿನಗೂಲಿ ದೊರೆಯುವಂತೆ ದರ ಗೊತ್ತುಮಾಡಬೇಕೆಂದಿತು. ಇಬ್ಬರಿಗೂ ಒಂದೇ ಕೂಲಿಯನ್ನಿಟ್ಟಿತು. ನಮ್ಮ ಗದ್ದೆಗಳಲ್ಲಿ ಮಾತ್ರ, ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಬಿಡುವ ಹೆಣ್ಣಾಳಿಗೆ ಅನೇಕ ಕಡೆ ಕಡಿಮೆ ಕೂಲಿ. ಹೆಂಗಸರದು ಹಗುರ ಕೆಲಸವೆನ್ನುವವರು, ಕೆಸರಿನಲ್ಲಿ ದಿನವಿಡೀ ಬಾಗಿ ನಾಟಿ ಹಾಕುವುದನ್ನು ತಾವೊಮ್ಮೆ ಮಾಡಿ ನೋಡಲಿ.

ಆಯ್ದಕ್ಕಿ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಿರುಗಿಸಿದ ಪ್ರಸಂಗವನ್ನು ನಾವು ದುಡಿಯುವವರಿಗಷ್ಟೇ ಬೋಧಿಸುತ್ತ ಬಂದಿದ್ದೇವೆ. ಹೆಣ್ಣಾಳಿನ ಕೂಲಿಯಲ್ಲಿ ಮುರಿದು ಮನೆಗೆ ಒಯ್ದ ಹಣವೂ ಅಂಥ ಹೆಚ್ಚಿನ ಅಕ್ಕಿಯೇ ಅಲ್ಲವೇ? ಅದನ್ನು ಹಿಂದಿರುಗಿಸೆನ್ನುವ ಲಕ್ಕಮ್ಮ ಜಮೀನುಳ್ಳವರ ಮನೆಯಲ್ಲೂ ಇರಬೇಕು.

ಬರುವ ನಾಟಿಯ ಬಟವಾಡೆಯಲ್ಲಿ ಇಬ್ಬರ ಕೈಗೂ ಒಂದೇ ಹಣವಿಡಬೇಕೆಂದು ಭಕ್ತರಲ್ಲಿ ನಮ್ಮ ಬಿನ್ನಹ.